ಶಾಂಘೈ ಬೀದಿಗಳಲ್ಲಿ ಮುಂಬಯಿಯ ಹೆಜ್ಜೆ ಗುರುತು

ಮುಂಬಯಿ ಕನ್ನಡಿಗರಿಗೆ ಶಾಂಘೈ ಎಂಬ ಹೆಸರು ಹೊಸದಲ್ಲ. 2004ರಲ್ಲಿ ಅಂದಿನ ಪ್ರಧಾನಿ ಡಾ. ಮನಮೋಹನ ಸಿಂಗ್ ಅವರು ಮುಂಬಯಿಗೆ ಬಂದಿದ್ದಾಗ, ಜನ ಶಾಂಘೈಯನ್ನು ಮರೆತು ಮುಂಬಯಿಯ ಬಗ್ಗೆ ಮಾತಾಡುವಂಥ ದಿನ ಬರಬೇಕೆಂಬ ಆಶಯ ವ್ಯಕ್ತಪಡಿಸಿದ್ದರು. ಅಲ್ಲಿಂದ ಮುಂದೆ ‘ಮುಂಬಯಿಯನ್ನು ಶಾಂಘೈ ಮಾಡುತ್ತೇವೆ’ ಎಂಬ ಮಾತು ಚುನಾವಣಾ ಭಾಷಣಗಳಿಂದ ಹಿಡಿದು ಲೋಕಲ್ ರೈಲಿನ ಹರಟೆಯ ತನಕ ಎಲ್ಲೆಡೆ ಕೇಳಿಬಂತು. ಅದೇ ಚಳಿಗಾಲದಲ್ಲಿ ಸಾವಿರಾರು ಜೋಪಡಿಗಳು ನೆಲಸಮವಾದವು. ಮರುವರ್ಷ ಜುಲೈ 26ರಂದು ಒಂದೇ ದಿನ 944 ಮಿ.ಮೀ. ಮಳೆ ಸುರಿದು ಮಹಾನಗರ ಮುಳುಗಿದಾಗ, ಸೊಂಟಮಟ್ಟದ ನೀರಿನಲ್ಲಿ ಮನೆಗೆ ನಡೆದವರು ಶಾಂಘೈಯ ಹೆಸರೆತ್ತಿ ನಕ್ಕದ್ದೂ ಉಂಟು.

ಹೀಗೆ ನಾಲಗೆಯ ಮೇಲೆ ಓಡಾಡಿದ ಆ ನಗರವನ್ನು ಕಣ್ಣಾರೆ ಕಂಡವರು ಕಡಿಮೆ. ಸಿಂಗಾಪುರ, ಬ್ಯಾಂಕಾಕ್, ದುಬೈಗಳಿಗೆ ಹೋದಷ್ಟು ಸಲೀಸಾಗಿ ನಮ್ಮವರು ಚೀನಾಕ್ಕೆ ಹೊರಡುವುದಿಲ್ಲ. ಭಾಷೆಯ ಭಯ, ಊಟದ ಚಿಂತೆ, ವೀಸಾದ ತಲೆನೋವು ಹೀಗೆ ಕಾರಣಗಳು ಹಲವು. 2020ರಲ್ಲಿ ನಿಂತುಹೋದ ಉಭಯ ದೇಶಗಳ ನೇರ ವಿಮಾನ ಸಂಚಾರ 2025ರ ಕೊನೆಯ ತಿಂಗಳುಗಳಲ್ಲಿ ಮತ್ತೆ ಆರಂಭವಾಗಿ, ನವೆಂಬರ್‌ನಲ್ಲಿ ಶಾಂಘೈ-ದೆಹಲಿ ವಿಮಾನವೂ ಹಾರಿತು. ದಾರಿ ತೆರೆದಿರುವ ಈ ಹೊತ್ತಿನಲ್ಲಿ ಶಾಂಘೈಯನ್ನು ಗಗನಚುಂಬಿಗಳ ಊರೆಂದಷ್ಟೇ ನೋಡಿ ಬಂದರೆ ಅರ್ಧ ನೋಡಿದಂತೆ. ಆ ನಗರದ ಅಡಿಪಾಯದಲ್ಲಿ ಮುಂಬಯಿಯ ಹಣ, ಮುಂಬಯಿಯ ಮರ, ಭಾರತದ ಜನ ಎಲ್ಲವೂ ಸೇರಿಕೊಂಡಿವೆ. ಅದರಲ್ಲಿ ಹೆಮ್ಮೆಪಡುವಂಥದ್ದು ಎಷ್ಟು, ತಲೆ ತಗ್ಗಿಸುವಂಥದ್ದು ಎಷ್ಟು ಎಂಬುದು ಬೇರೆ ಪ್ರಶ್ನೆ.

ಮುಂಬಯಿಯಲ್ಲಿ ಕಟ್ಟಿದ ಹಡಗು, ನಾನ್ಜಿಂಗ್‌ನಲ್ಲಿ ಒಪ್ಪಂದ

ಕೋಟೆ ಪರಿಸರದಲ್ಲಿ ನೌಕರಿ ಮಾಡಿದವರಿಗೆಲ್ಲ ಲಯನ್ ಗೇಟ್ ಗೊತ್ತು. ಅದರ ಒಳಗಿನ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರ್ಸಿ ಕುಶಲಕರ್ಮಿಗಳು ಸಾಗುವಾನಿ ಮರದಿಂದ ಬ್ರಿಟಿಷ್ ನೌಕಾಪಡೆಗೆ ಹಡಗು ಕಟ್ಟಿಕೊಡುತ್ತಿದ್ದರು. 1813ರಲ್ಲಿ ಅಲ್ಲಿಂದ ನೀರಿಗಿಳಿದ ಎಚ್.ಎಂ.ಎಸ್. ಕಾರ್ನ್‌ವಾಲಿಸ್ ಎಂಬ ಯುದ್ಧನೌಕೆಯ ಮೇಲೆಯೇ 1842ರ ಆಗಸ್ಟ್ 29ರಂದು ನಾನ್ಜಿಂಗ್ ಒಪ್ಪಂದಕ್ಕೆ ಸಹಿ ಬಿತ್ತು. ಅಫೀಮು ಯುದ್ಧದಲ್ಲಿ ಸೋತ ಚೀನಾ ಹಾಂಕಾಂಗ್ ದ್ವೀಪವನ್ನು ಬಿಟ್ಟುಕೊಟ್ಟು, ಐದು ಬಂದರುಗಳನ್ನು ಬ್ರಿಟಿಷರ ವ್ಯಾಪಾರಕ್ಕೆ ತೆರೆಯಬೇಕಾಯಿತು. ಆ ಐದರಲ್ಲಿ ಶಾಂಘೈ ಒಂದು.

ಶಾಂಘೈ ಆಗ ಬರೇ ಮೀನುಗಾರರ ಹಳ್ಳಿಯಾಗಿತ್ತು ಎಂದು ಬರೆಯುವುದು ವಾಡಿಕೆ. ಅದು ಸರಿಯಲ್ಲ. 1553ರಲ್ಲಿ ಕಡಲ್ಗಳ್ಳರ ಕಾಟಕ್ಕೆ ಕೋಟೆಗೋಡೆ ಕಟ್ಟಿಕೊಂಡಿದ್ದ, ಹತ್ತಿಯ ವ್ಯಾಪಾರದಿಂದ ಕೊಬ್ಬಿದ್ದ ಪಟ್ಟಣ ಅದು. ಬ್ರಿಟಿಷರು ಬಂದದ್ದು ಆ ಗೋಡೆಯ ಹೊರಗೆ, ಹುವಾಂಗ್ಪು ನದಿಯ ಕೆಸರು ದಡಕ್ಕೆ. 1843ರ ನವೆಂಬರ್‌ನಲ್ಲಿ ಬಂದರು ತೆರೆಯಿತು. 1849ರಲ್ಲಿ ಫ್ರೆಂಚರೂ ತಮ್ಮದೇ ಪ್ರದೇಶ ಗುರುತಿಸಿಕೊಂಡರು. 1863ರಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಭಾಗಗಳು ಒಂದಾಗಿ ‘ಅಂತಾರಾಷ್ಟ್ರೀಯ ವಸಾಹತು’ ಎಂಬ ಹೆಸರು ಪಡೆದವು. ಒಂದೇ ಊರಿಗೆ ಮೂರು ಆಡಳಿತ, ಮೂರು ಪೊಲೀಸ್, ಮೂರು ಕಾನೂನು. ಕಳ್ಳನೊಬ್ಬ ರಸ್ತೆ ದಾಟಿದರೆ ಬಚಾವು. ಈ ಅವ್ಯವಸ್ಥೆ ಸರಿಸುಮಾರು ನೂರು ವರ್ಷ, 1943ರ ತನಕ ನಡೆಯಿತು.

ನದಿ ದಂಡೆಯ ಆ ಸಾಲಿಗೆ ಇಂದಿಗೂ ‘ಬಂಡ್’ ಎಂದೇ ಹೆಸರು. ಚೀನೀಯರು ‘ವೈಟಾನ್’ ಎನ್ನುತ್ತಾರೆ, ಹೊರದಡ ಎಂದರ್ಥ. ಬಂಡ್ ಎಂಬ ಶಬ್ದ ಬ್ರಿಟಿಷರ ಜತೆ ಭಾರತದಿಂದ ಹೋದದ್ದು. ಹೈದರಾಬಾದ್ ಕನ್ನಡಿಗರಿಗೆ ಟ್ಯಾಂಕ್ ಬಂಡ್ ನೆನಪಾದರೆ ಆಶ್ಚರ್ಯವಿಲ್ಲ. ಎರಡೂ ಒಂದೇ ಪದ, ನಮ್ಮ ಕೆರೆ ಏರಿಯೇ. ಸುಮಾರು ಒಂದೂವರೆ ಕಿ.ಮೀ. ಉದ್ದದ ಈ ದಂಡೆಯಲ್ಲಿ ಬ್ಯಾಂಕು, ಹಡಗು ಕಂಪೆನಿ, ಕ್ಲಬ್ಬುಗಳ ಕಲ್ಲಿನ ಕಟ್ಟಡಗಳು ಮೈಗೆ ಮೈ ತಾಗಿಸಿ ನಿಂತಿವೆ. ಹಾರ್ನಿಮನ್ ಸರ್ಕಲ್, ಬಲ್ಲಾರ್ಡ್ ಎಸ್ಟೇಟ್‌ಗಳನ್ನು ದಿನಾ ನೋಡುವವನಿಗೆ ಅವು ಅಪರಿಚಿತವೆನಿಸುವುದಿಲ್ಲ. 1927ರ ಕಸ್ಟಮ್ ಹೌಸ್‌ನ ಗಡಿಯಾರ ಗೋಪುರವನ್ನು ಕಂಡಾಗ ರಾಜಾಬಾಯಿ ಟವರ್ ಕಣ್ಣ ಮುಂದೆ ಬರುತ್ತದೆ.

ಪಕ್ಕದಲ್ಲೇ 1923ರಲ್ಲಿ ಕಟ್ಟಿದ ಹಾಂಕಾಂಗ್ ಶಾಂಘೈ ಬ್ಯಾಂಕಿನ ಹಳೆಯ ಶಾಂಘೈ ಕಚೇರಿ. ಈಗ ಅಲ್ಲಿ ಚೀನಾದ್ದೇ ಬ್ಯಾಂಕು. ಬಾಗಿಲು ದಾಟಿದ ಕೂಡಲೇ ಕತ್ತೆತ್ತಿ ನೋಡಬೇಕು. ಎಂಟು ಮೂಲೆಯ ಗುಮ್ಮಟದ ಒಳಗೆ ಬಣ್ಣಬಣ್ಣದ ಚಿಕ್ಕ ಕಲ್ಲುಗಳಿಂದ ಎಂಟು ನಗರಗಳ ಚಿತ್ರಗಳನ್ನು ಮಾಡಿದ್ದಾರೆ. ಲಂಡನ್, ಪ್ಯಾರಿಸ್, ನ್ಯೂಯಾರ್ಕ್, ಟೋಕಿಯೋಗಳ ಜತೆ ಅಲ್ಲಿ ಕೋಲ್ಕತಾ ಇದೆ. ಮುಂಬಯಿ ಇಲ್ಲ! ಕಮ್ಯುನಿಸ್ಟ್ ಆಡಳಿತ ಬಂದ ಬಳಿಕ ಇವನ್ನು ಗಿಲಾವು ಬಳಿದು ಮುಚ್ಚಲಾಗಿತ್ತು. 1990ರ ದಶಕದಲ್ಲಿ ಕಟ್ಟಡ ರಿಪೇರಿ ಮಾಡುವಾಗ ಮತ್ತೆ ಬೆಳಕಿಗೆ ಬಂದವು. ಒಡೆದು ಹಾಕದೆ ಮುಚ್ಚಿಟ್ಟವರ ವಿವೇಕವನ್ನು ಮೆಚ್ಚಬೇಕು.

ಸಸೂನ್ ಎಂಬ ಮನೆತನ

ಬಂಡ್‌ನ ಎಲ್ಲ ಕಟ್ಟಡಗಳಲ್ಲಿ ಥಟ್ಟನೆ ಗುರುತು ಹಿಡಿಯಬಹುದಾದದ್ದು ಹಸಿರು ತಾಮ್ರದ ಪಿರಮಿಡ್ ತಲೆಯ ಪೀಸ್ ಹೋಟೆಲ್. 1929ರಲ್ಲಿ ಎದ್ದು ನಿಂತಾಗ ಅದರ ಹೆಸರು ಸಸೂನ್ ಹೌಸ್, ಒಳಗಿನ ಹೋಟೆಲಿಗೆ ಕೆಥೆ ಎಂದು ಹೆಸರು. ಕಟ್ಟಿಸಿದವರು ಸರ್ ವಿಕ್ಟರ್ ಸಸೂನ್. ಕೊಲಾಬದ ಸಸೂನ್ ಡಾಕ್, ಕಾಲಾಘೋಡಾದ ಸಸೂನ್ ಲೈಬ್ರರಿ, ಪುಣೆಯ ಸಸೂನ್ ಆಸ್ಪತ್ರೆ ಎಂದರೆ ಗೊತ್ತಿಲ್ಲದ ಮುಂಬಯಿ-ಪುಣೆ ಕನ್ನಡಿಗರಿಲ್ಲ. ಆ ಸಸೂನರೇ ಇವರು.

ಮನೆತನದ ಹಿರಿಯ ಡೇವಿಡ್ ಸಸೂನ್ ಬಗ್ದಾದಿನ ಯಹೂದಿ. 1832ರ ಸುಮಾರಿಗೆ ಮುಂಬಯಿಗೆ ಬಂದು ನೆಲೆಸಿದರು. ಮಗ ಎಲಿಯಾಸ್ ಸಸೂನ್ 1844ರಲ್ಲಿ ಚೀನಾಕ್ಕೆ ಹೋದರು, ಅಂದರೆ ನಾನ್ಜಿಂಗ್ ಒಪ್ಪಂದವಾಗಿ ಎರಡೇ ವರ್ಷಕ್ಕೆ. ಮುಂಬಯಿಯಿಂದ ಹೋಗುತ್ತಿದ್ದ ಸರಕು ಹತ್ತಿ, ನೂಲು ಮತ್ತು ಮುಖ್ಯವಾಗಿ ಮಾಳವ ಪ್ರಾಂತದ ಅಫೀಮು. ಆ ಕಾಲಕ್ಕೆ ಬ್ರಿಟಿಷ್ ಭಾರತದಲ್ಲಿ ಅದು ಕಾನೂನಿನ ಪ್ರಕಾರವೇ ನಡೆಯುತ್ತಿದ್ದ ವ್ಯಾಪಾರ. ಪಾರ್ಸಿ, ಮಾರ್ವಾಡಿ, ಗುಜರಾತಿ ಶೇಠರೂ ಇದರಲ್ಲಿದ್ದರು. ಸರ್ ಜಮ್ಷೆಟ್ಜಿ ಜೀಜೀಭಾಯ್ ಅವರ ಸಂಪತ್ತಿನ ಒಂದು ಮೂಲವೂ ಇದೇ. 19ನೇ ಶತಮಾನದ ಉತ್ತರಾರ್ಧಕ್ಕೆ ಬರುವಾಗ ಸಸೂನರು ಅಫೀಮು ವ್ಯಾಪಾರದ ಮುಂಚೂಣಿಯಲ್ಲಿದ್ದರು. ಮುಂಬಯಿಯ ಆಸ್ಪತ್ರೆ, ಗ್ರಂಥಾಲಯ, ಶಾಲೆಗಳಿಗೆ ಸಂದ ದಾನದಲ್ಲಿ ಚೀನಾದ ಲಕ್ಷಾಂತರ ಮನೆಗಳ ಕಣ್ಣೀರಿನ ಪಾಲೂ ಇದೆ ಎನ್ನುವುದನ್ನು ಮುಚ್ಚಿಡುವಂತಿಲ್ಲ. ಆದರೆ ಆ ಆಸ್ಪತ್ರೆಗಳಲ್ಲಿ ಬದುಕಿ ಬಂದವರು ಎಷ್ಟೋ ಮಂದಿ ಎನ್ನುವುದೂ ಅಷ್ಟೇ ನಿಜ.

ಮುಂಬಯಿಯಲ್ಲಿ ಈ ಮನೆತನದ ಬಟ್ಟೆ ಗಿರಣಿಗಳಿದ್ದವು. ಕರಾವಳಿಯಿಂದ ಬಂದವರು ಗಿರಣಗಾಂವ್‌ನಲ್ಲಿ ಖಾನಾವಳಿ, ಹೋಟೆಲು, ಕ್ಯಾಂಟೀನು ನಡೆಸಿ ನೆಲೆ ಕಂಡದ್ದು ಇಂಥ ಗಿರಣಿಗಳ ಆಶ್ರಯದಲ್ಲೇ. 1930ರ ಆಸುಪಾಸಿನಲ್ಲಿ ವಿಕ್ಟರ್ ಸಸೂನ್ ತಮ್ಮ ವ್ಯವಹಾರದ ಕೇಂದ್ರವನ್ನು ಮುಂಬಯಿಯಿಂದ ಶಾಂಘೈಗೆ ಸಾಗಿಸಿದರು. ಇಲ್ಲಿ ಮುಷ್ಕರ, ಸ್ವಾತಂತ್ರ್ಯ ಹೋರಾಟದ ಬಿಸಿ. ಅಲ್ಲಿ ತೆರಿಗೆ ಕಡಿಮೆ, ಲಾಭ ಹೆಚ್ಚು ಎಂಬ ಲೆಕ್ಕ. ಮುಂಬಯಿಯ ಗಿರಣಿಗಳು 1940ರ ದಶಕದಲ್ಲಿ ಬೇರೆಯವರ ಕೈ ಸೇರಿ ಇಂಡಿಯಾ ಯುನೈಟೆಡ್ ಮಿಲ್ಸ್ ಎಂದಾದವು. ಆ ಬಳಗದ 6ನೇ ಮಿಲ್ಲನ್ನು ಜನ ಕರೆಯುವುದು ಇಂದೂ ಮಿಲ್ ಎಂದು. ದಾದರ್‌ನಲ್ಲಿ ಡಾ. ಅಂಬೇಡ್ಕರ್ ಸ್ಮಾರಕಕ್ಕೆ ಕೊಟ್ಟಿರುವುದು ಅದೇ ಜಾಗ.

ವಿಕ್ಟರ್ ಸಸೂನ್ ಅವರ ಲೆಕ್ಕ ಮಾತ್ರ ಪೂರ್ತಿ ತಪ್ಪಿತು. 1937ರಲ್ಲಿ ಜಪಾನ್ ದಾಳಿ, 1949ರಲ್ಲಿ ಕಮ್ಯುನಿಸ್ಟ್ ಸರಕಾರ. ಶಾಂಘೈಯ ಆಸ್ತಿಯೆಲ್ಲ ಕೈಬಿಟ್ಟಿತು. 1961ರಲ್ಲಿ ದೂರದ ಬಹಾಮಾಸ್ ದ್ವೀಪದಲ್ಲಿ ಅವರು ತೀರಿಕೊಂಡರು.

ಮನೆತನದ ಇನ್ನೊಂದು ಗುರುತು ಹೆಚ್ಚಿನ ಪ್ರವಾಸಿಗರ ಕಣ್ಣಿಗೆ ಬೀಳುವುದಿಲ್ಲ. ಕಾಲಾಘೋಡಾದಲ್ಲಿ ನೀಲಿ ಬಣ್ಣದ ಯಹೂದಿ ಪ್ರಾರ್ಥನಾ ಮಂದಿರ ಇದೆಯಲ್ಲ, 1884ರದ್ದು. ಅದನ್ನು ಕಟ್ಟಿಸಿದ ಜೇಕಬ್ ಸಸೂನ್ ಅವರೇ ಪತ್ನಿ ರೇಚೆಲ್ ಅವರ ನೆನಪಿಗೆ ಶಾಂಘೈಯಲ್ಲೂ ಒಂದು ಮಂದಿರಕ್ಕೆ ಹಣ ಕೊಟ್ಟರು. 1920ರಲ್ಲಿ ಪೂರ್ತಿಯಾದ ಆ ಓಹೆಲ್ ರೇಚೆಲ್ ಮಂದಿರ ಈಗಲೂ ಉಂಟು, ಸಾರ್ವಜನಿಕರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಹೊಂಗ್‌ಕೌ ಭಾಗದ ಓಹೆಲ್ ಮೋಯಿಶೆ ಮಂದಿರವನ್ನಾದರೂ ತಪ್ಪದೆ ನೋಡಬೇಕು. ಹಿಟ್ಲರನ ಕಾಲದಲ್ಲಿ ಜಗತ್ತಿನ ದೇಶಗಳೆಲ್ಲ ಬಾಗಿಲು ಹಾಕಿಕೊಂಡಾಗ, ವೀಸಾ ಕೇಳದ ಈ ಬಂದರಿಗೆ ಬಂದು ಜೀವ ಉಳಿಸಿಕೊಂಡ ಯಹೂದಿಗಳು ಸುಮಾರು 20,000 ಮಂದಿ. ಅವರ ಕತೆಯನ್ನು ಹೇಳುವ ಮ್ಯೂಸಿಯಂ ಈಗ ಅಲ್ಲಿದೆ.

ಕೆಂಪು ಮುಂಡಾಸಿನ ಪೊಲೀಸರು

ಹಳೆಯ ಶಾಂಘೈಯ ಚಿತ್ರಗಳಲ್ಲಿ ರಸ್ತೆಯ ನಡುವೆ ಕೆಂಪು ಮುಂಡಾಸು, ದಟ್ಟ ಗಡ್ಡದ ಪೊಲೀಸ್ ಒಬ್ಬ ನಿಂತಿರುವುದನ್ನು ಕಾಣಬಹುದು. ಅಂತಾರಾಷ್ಟ್ರೀಯ ವಸಾಹತಿನ ಪೊಲೀಸ್ ದಳಕ್ಕೆ 1880ರ ದಶಕದಿಂದ ಪಂಜಾಬಿನ ಸಿಕ್ಖರನ್ನು ತರಿಸಿಕೊಳ್ಳಲಾಯಿತು. ಸಂಬಳಕ್ಕಾಗಿ ಮನೆ ಬಿಟ್ಟು ಹೋದವರು ಅವರು. ಹೊಂಗ್‌ಕೌನಲ್ಲಿ 1908ರಲ್ಲಿ ಗುರುದ್ವಾರವನ್ನೂ ಕಟ್ಟಿಕೊಂಡರು. ಚೀನೀಯರಿಗೆ ಮಾತ್ರ ಅವರ ಮೇಲೆ ಸಿಟ್ಟು. ‘ಕೆಂಪು ತಲೆಯ ಆಸಾನ್’ ಎಂಬ ಅಡ್ಡಹೆಸರು ಅವಹೇಳನದ್ದೇ.

1925ರ ಮೇ 30ರಂದು ನಾನ್ಜಿಂಗ್ ರಸ್ತೆಯಲ್ಲಿ ವಿದ್ಯಾರ್ಥಿಗಳು, ಕಾರ್ಮಿಕರು ಪ್ರತಿಭಟನೆಗೆ ಸೇರಿದ್ದರು. ಬ್ರಿಟಿಷ್ ಅಧಿಕಾರಿಯ ಆಜ್ಞೆಯಂತೆ ಸಿಕ್ಖ್ ಮತ್ತು ಚೀನೀ ಪೇದೆಗಳು ಗುಂಡು ಹಾರಿಸಿದರು. ಕನಿಷ್ಠ 9 ಮಂದಿ ಸತ್ತರು. ಜಲಿಯನ್‌ವಾಲಾ ಬಾಗ್ ನಡೆದು ಆರೇ ವರ್ಷ ಆಗಿತ್ತು. ತಮ್ಮ ಸ್ವಂತ ಪಂಜಾಬಿನಲ್ಲಿ ಗುಂಡಿಗೆ ಎದೆಯೊಡ್ಡಿದ ಸಮುದಾಯದವರೇ ಇಲ್ಲಿ ಬಂದೂಕಿನ ಹಿಂದೆ ನಿಲ್ಲಬೇಕಾಯಿತು. ಇಂದು ನಾನ್ಜಿಂಗ್ ರಸ್ತೆಯಲ್ಲಿ ಮಧ್ಯಾಹ್ನದಿಂದ ರಾತ್ರಿಯವರೆಗೆ ಶಾಪಿಂಗ್ ಜನಜಂಗುಳಿ. ಆ ಘಟನೆಯ ಸ್ಮಾರಕ ಪೀಪಲ್ಸ್ ಪಾರ್ಕ್ ಬಳಿ ಇದೆ. ಭಾರತೀಯ ಪ್ರವಾಸಿ ಒಂದು ಕ್ಷಣ ನಿಲ್ಲಲೇಬೇಕಾದ ಜಾಗವದು.

ಬಂಡ್‌ನ ಉತ್ತರ ತುದಿಯ ಹುವಾಂಗ್ಪು ಉದ್ಯಾನದ ಕತೆಯೂ ಹೀಗೆಯೇ. 1868ರಲ್ಲಿ ತೆರೆದ ಈ ಉದ್ಯಾನಕ್ಕೆ 1928ರ ತನಕ ಚೀನೀಯರಿಗೆ ಪ್ರವೇಶವಿರಲಿಲ್ಲ. ‘ನಾಯಿ ಮತ್ತು ಚೀನೀಯರಿಗೆ ಪ್ರವೇಶವಿಲ್ಲ’ ಎಂಬ ಫಲಕವಿತ್ತೆಂದು ಅಲ್ಲಿನ ಪ್ರತಿ ಮಗುವೂ ಹೇಳುತ್ತದೆ. ವಾಸ್ತವದಲ್ಲಿ ಉದ್ಯಾನ ವಿದೇಶಿಯರಿಗೆ ಮೀಸಲು ಎನ್ನುವುದು ಒಂದು ನಿಯಮ, ನಾಯಿ ತರಬಾರದು ಎನ್ನುವುದು ಇನ್ನೊಂದು ನಿಯಮ. ಜನರ ನೆನಪಿನಲ್ಲಿ ಎರಡೂ ಒಂದೇ ಸಾಲಿಗೆ ಬಂದವು. ವಾಟ್ಸನ್ ಹೋಟೆಲಿನಲ್ಲಿ ಜಮ್ಷೆಟ್ಜಿ ಟಾಟಾ ಅವರಿಗೆ ಪ್ರವೇಶ ನಿರಾಕರಿಸಿದ್ದರಿಂದ ತಾಜ್ ಹುಟ್ಟಿತೆಂಬ ನಮ್ಮ ಕತೆಯ ಹಾಗೆ. ಪುರಾವೆ ಕಡಿಮೆ ಇರಬಹುದು, ಅವಮಾನ ಸುಳ್ಳಲ್ಲ.

ಭಾರತೀಯರ ನೆನಪು ಇಷ್ಟೇ ಎಂದುಕೊಳ್ಳಬಾರದು. 1924ರ ಏಪ್ರಿಲ್‌ನಲ್ಲಿ ರವೀಂದ್ರನಾಥ ಠಾಕೂರರು ಚೀನಾದಲ್ಲಿ ಮೊದಲು ಕಾಲಿಟ್ಟದ್ದು ಶಾಂಘೈಯಲ್ಲಿ. ಹಳೆಯ ಫ್ರೆಂಚ್ ವಸಾಹತಿನ ಮಾವೊಮಿಂಗ್ ರಸ್ತೆಯಲ್ಲಿರುವ ಅವರ ಪ್ರತಿಮೆಯನ್ನು 2010ರಲ್ಲಿ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಅನಾವರಣಗೊಳಿಸಿದರು. ಈ ಭಾಗದ ರಸ್ತೆಗಳ ಇಕ್ಕೆಲಗಳಲ್ಲಿ ಫ್ರೆಂಚರು ನೆಟ್ಟ ಮರಗಳ ಚಪ್ಪರ. ನಡೆಯಲು ಇಷ್ಟಪಡುವವರಿಗೆ ಇಡೀ ಶಾಂಘೈಯಲ್ಲಿ ಇದಕ್ಕಿಂತ ಹಿತವಾದ ಜಾಗ ಇನ್ನೊಂದಿಲ್ಲ. ಅವೆನ್ಯೂ ಜೋಫ್ರ್ ಈಗ ಹುವೈಹೈ ರಸ್ತೆ, ನಮ್ಮ ಫ್ಲೋರಾ ಫೌಂಟನ್ ಹುತಾತ್ಮ ಚೌಕ ಆದಂತೆ.

ಊರಿನವರ ಸಂಘ, ಊರಿನವರ ಶವಪೆಟ್ಟಿಗೆ

ಸಂಘ-ಸಂಸ್ಥೆಗಳಲ್ಲಿ ದುಡಿದ ಹೊರನಾಡ ಕನ್ನಡಿಗರಿಗೆ ಶಾಂಘೈಯಲ್ಲಿ ಎಲ್ಲಕ್ಕಿಂತ ಹತ್ತಿರ ಎನಿಸುವ ಸಂಗತಿ ಬಂಡ್‌ನಲ್ಲಿಲ್ಲ. ಹಳೆಯ ಕೋಟೆಯ ದಕ್ಷಿಣಕ್ಕೆ, ಝೊಂಗ್‌ಷಾನ್ ದಕ್ಷಿಣ ರಸ್ತೆಯ ಗದ್ದಲದಲ್ಲಿ ಸಾನ್‌ಷಾನ್ ಹುಯಿಗುವಾನ್ ಎಂಬ ಕೆಂಪು ಇಟ್ಟಿಗೆಯ ಕಟ್ಟಡವಿದೆ. ಫುಜಿಯಾನ್ ಪ್ರಾಂತದಿಂದ ಬಂದ ಹಣ್ಣಿನ ವ್ಯಾಪಾರಿಗಳು 1909ರಲ್ಲಿ ಕಟ್ಟಿಕೊಂಡ ಸಂಘದ ಮನೆ ಅದು. ಒಳಗೆ ಕಡಲಿಗೆ ಹೋಗುವವರನ್ನು ಕಾಯುವ ಮಾಜು ದೇವಿಯ ಗುಡಿ, ಎದುರಿಗೆ ಊರಿನ ನಾಟಕ ಆಡಲು ಕೆತ್ತನೆಯ ರಂಗಮಂಟಪ. ದೇವರು, ಊಟ, ನಾಟಕ, ಸಭೆ ಎಲ್ಲ ಒಂದೇ ಸೂರಿನಡಿ! ಮುಂಬಯಿಯ ಯಾವ ಸಂಘದ ಕಾರ್ಯಕರ್ತನಿಗಾದರೂ ವಿವರಿಸಿ ಹೇಳಬೇಕಾಗಿಲ್ಲ.

ಶಾಂಘೈ ವಲಸಿಗರ ಊರು. 1930ರ ದಶಕದಲ್ಲಿ ವಸಾಹತಿನಲ್ಲಿದ್ದ ಚೀನೀಯರಲ್ಲಿ ಬಹುಪಾಲು ಮಂದಿ ಹೊರಗಿನಿಂದ ಬಂದವರೇ. ನಿಂಗ್ಬೊದವರು ಬ್ಯಾಂಕು ಮತ್ತು ವ್ಯಾಪಾರದಲ್ಲಿ, ಕ್ಯಾಂಟನಿನವರು ದೊಡ್ಡ ಅಂಗಡಿಗಳಲ್ಲಿ ಹೆಸರಾದರು. ಉತ್ತರ ಜಿಯಾಂಗ್ಸುವಿನಿಂದ ಬಂದ ಸುಬೈ ಜನರ ಪಾಲಿಗೆ ಸಿಕ್ಕಿದ್ದು ರಿಕ್ಷಾ ಎಳೆಯುವುದು, ಕ್ಷೌರ, ಹಮಾಲಿ. ಸುಬೈ ಎನ್ನುವ ಪದವೇ ಬೈಗುಳವಾಗಿತ್ತು. ಯಾವ ಊರಿನಿಂದ ಬಂದವನು ಎಂಬುದರ ಮೇಲೆ ಕಸುಬು ಹಂಚಿಹೋದ ರೀತಿ ಮುಂಬಯಿಯನ್ನೇ ಹೋಲುತ್ತದೆ.

ಹೊಸದಾಗಿ ಬಂದವನಿಗೆ ಒಂದೆರಡು ರಾತ್ರಿ ತಂಗಲು ಜಾಗ, ಕೆಲಸಕ್ಕೆ ಶಿಫಾರಸು, ಜಗಳ ಬಂದರೆ ಪಂಚಾಯ್ತಿ, ಮಕ್ಕಳಿಗೆ ಶಾಲೆ ಇವು ಈ ಸಂಘಗಳ ಕೆಲಸ. ಎಲ್ಲಕ್ಕೂ ಮೇಲಾಗಿ ಸತ್ತವರ ಕೆಲಸ. ಊರ ಮಣ್ಣಿನಲ್ಲೇ ಮಣ್ಣಾಗಬೇಕು ಎನ್ನುವುದು ಚೀನೀಯರ ಆಸೆ. ಬಡವ ಸತ್ತರೆ ಸಂಘವೇ ಶವಪೆಟ್ಟಿಗೆ ಒದಗಿಸಿ, ಊರಿಗೆ ಹೋಗುವ ಹಡಗು ಸಿಗುವ ತನಕ ತನ್ನ ಕೋಣೆಯಲ್ಲಿ ಇರಿಸಿಕೊಳ್ಳುತ್ತಿತ್ತು. ನಿಂಗ್ಬೊ ಜನರ ಸಿಮಿಂಗ್ ಗೊಂಗ್ಸುವೊ ಎಂಬ ಸಂಘದ ಜಾಗ ಫ್ರೆಂಚ್ ವಸಾಹತಿನೊಳಗೆ ಸಿಕ್ಕಿಬಿತ್ತು. ಆ ಸ್ಮಶಾನದ ಮೂಲಕ ರಸ್ತೆ ತೆಗೆಯುತ್ತೇವೆ ಎಂದು 1874ರಲ್ಲಿ ಫ್ರೆಂಚರು ಹೊರಟಾಗ ನಿಂಗ್ಬೊದವರು ಬೀದಿಗಿಳಿದರು. ಗೋಲಿಬಾರ್ ನಡೆದು ಜನ ಸತ್ತರು, ರಸ್ತೆಯ ಯೋಜನೆ ನಿಂತಿತು. 1898ರಲ್ಲಿ ಮತ್ತೆ ಅದೇ ಪ್ರಯತ್ನ. ಮತ್ತೆ ಗುಂಡು, ಮತ್ತೆ ಸಾವು, ಜತೆಗೆ ನಿಂಗ್ಬೊ ವ್ಯಾಪಾರಿಗಳ ಮುಷ್ಕರ. ವಿದೇಶಿ ಆಡಳಿತದ ವಿರುದ್ಧ ಶಾಂಘೈ ಜನ ಒಗ್ಗಟ್ಟಿನಿಂದ ಎದ್ದ ಮೊದಲ ಸಂದರ್ಭಗಳಲ್ಲಿ ಇವು ಸೇರಿವೆ. ಒಂದು ಊರಿನವರ ಸಂಘ, ತನ್ನ ಸತ್ತವರಿಗಾಗಿ, ಸಾಮ್ರಾಜ್ಯವೊಂದನ್ನು ತಡೆದು ನಿಲ್ಲಿಸಿತು. ಆ ಸಂಘದ ಹೆಬ್ಬಾಗಿಲು ಮಾತ್ರ ರೆನ್ಮಿನ್ ರಸ್ತೆಯಲ್ಲಿ ಉಳಿದಿದೆ, ಹಿಂದೆ ಎತ್ತರದ ಕಟ್ಟಡಗಳು.

1949ರ ಬಳಿಕ ಸಂಘಗಳನ್ನು ಸರಕಾರ ಒಂದೊಂದಾಗಿ ಮುಚ್ಚಿ ಆಸ್ತಿ ವಶಪಡಿಸಿಕೊಂಡಿತು. ಸಾನ್‌ಷಾನ್ ಹುಯಿಗುವಾನ್ ಈಗ ಮ್ಯೂಸಿಯಂ. ರಂಗಮಂಟಪ ಚೆನ್ನಾಗಿದೆ, ಸದಸ್ಯರಿಲ್ಲ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ ಹೀಗೆ ಶತಮಾನದ ಆಚೀಚೆಯ ಸಂಸ್ಥೆಗಳು ಮುಂಬಯಿಯಲ್ಲಿ ಇನ್ನೂ ಮಹಾಸಭೆ ಕರೆಯುತ್ತಿವೆ, ಕೋರಂ ಇಲ್ಲವೆಂದು ಅರ್ಧ ಗಂಟೆ ಮುಂದೂಡುತ್ತಿವೆ, ಜಗಳವನ್ನೂ ಆಡುತ್ತಿವೆ. ಸಾನ್‌ಷಾನ್‌ನ ಖಾಲಿ ಅಂಗಳದಲ್ಲಿ ನಿಂತವನಿಗೆ ಆ ಜಗಳವೂ ಭಾಗ್ಯ ಎನಿಸಿದರೆ ತಪ್ಪಲ್ಲ.

ಇಂದಿಗೂ ಶಾಂಘೈಗೆ ಬರುವವರ ಪ್ರವಾಹ ನಿಂತಿಲ್ಲ. 2020ರ ಜನಗಣತಿ ಪ್ರಕಾರ ಜನಸಂಖ್ಯೆ 2 ಕೋಟಿ 48 ಲಕ್ಷಕ್ಕೂ ಮೇಲೆ, ಅದರಲ್ಲಿ ಸುಮಾರು 1 ಕೋಟಿ ಮಂದಿ ಬೇರೆ ಪ್ರಾಂತಗಳವರು. ಅವರಲ್ಲಿ ಹೆಚ್ಚಿನವರಿಗೆ ‘ಹುಕೋ’ ಎಂಬ ಸ್ಥಳೀಯ ನೋಂದಣಿ ಇಲ್ಲ. ಹತ್ತು ಹದಿನೈದು ವರ್ಷ ದುಡಿದರೂ ಮಗನ ಕಾಲೇಜು ಪ್ರವೇಶ ಪರೀಕ್ಷೆಗೆ ಸಾಮಾನ್ಯವಾಗಿ ಊರಿಗೇ ಕಳುಹಿಸಬೇಕು. ರೇಷನ್ ಕಾರ್ಡಿಗೆ, ಡೊಮಿಸೈಲ್ ಸರ್ಟಿಫಿಕೇಟಿಗೆ ಕಚೇರಿ ಅಲೆದವರಿಗೆ ಇದರ ಬಿಸಿ ಅರ್ಥವಾದೀತು.

ಲೊಂಗ್‌ತಾಂಗ್ ಮತ್ತು ಚಾಳು

ಮುಂಬಯಿಗೆ ಚಾಳು ಹೇಗೋ ಶಾಂಘೈಗೆ ಲೊಂಗ್‌ತಾಂಗ್ ಹಾಗೆ. ಓಣಿಯ ಇಕ್ಕೆಲಗಳಲ್ಲಿ ಗೋಡೆಗೆ ಗೋಡೆ ತಾಗಿದ ಎರಡು-ಮೂರು ಮಾಳಿಗೆಯ ಇಟ್ಟಿಗೆ ಮನೆಗಳು, ಪ್ರತಿ ಮನೆಗೂ ಕಲ್ಲಿನ ಚೌಕಟ್ಟಿನ ಕಪ್ಪು ಬಾಗಿಲು. ಆ ಕಲ್ಲು ಬಾಗಿಲಿಗೆ ‘ಷಿಕುಮೆನ್’ ಎನ್ನುತ್ತಾರೆ. 1860ರ ದಶಕದಲ್ಲಿ ತೈಪಿಂಗ್ ದಂಗೆಗೆ ಹೆದರಿ ಓಡಿಬಂದವರಿಗಾಗಿ ಕಟ್ಟಲು ಶುರುವಾದ ಈ ಮನೆಗಳು ಒಂದು ಕುಟುಂಬಕ್ಕೆಂದು ಕಟ್ಟಿದವು. ಕ್ರಮೇಣ ಒಂದರಲ್ಲಿ ಐದಾರು ಕುಟುಂಬಗಳು ತುಂಬಿಕೊಂಡವು. ಅಡುಗೆಮನೆ ಎಲ್ಲರಿಗೂ ಸೇರಿ ಒಂದು, ಅದರ ಮೇಲೆ ಬಿಸಿಲು ಕಾಣದ ಒಂದು ಗೂಡು ಕೋಣೆ. ಕಡಿಮೆ ಬಾಡಿಗೆಯ ಆ ಕೋಣೆಗಳಲ್ಲಿ ಬಡ ಲೇಖಕರೂ ಇದ್ದರು. ಪಾಯಿಖಾನೆ ಇಲ್ಲ, ಬೆಳಗಾಗೆದ್ದು ಮರದ ಕುಂಡ ಹೊರಗಿಡಬೇಕು. ಈ ಮನೆಗಳ ಬಗ್ಗೆ ಭಾವುಕರಾಗಿ ಬರೆಯುವವರು ಆ ಕುಂಡವನ್ನು ಮರೆಯುತ್ತಾರೆ.

ಚೀನಾದ ಕಮ್ಯುನಿಸ್ಟ್ ಪಕ್ಷ ಹುಟ್ಟಿದ್ದೂ ಇಂಥ ಮನೆಯಲ್ಲೇ. 1921ರ ಜುಲೈಯಲ್ಲಿ ಫ್ರೆಂಚ್ ವಸಾಹತಿನ ಷಿಕುಮೆನ್ ಮನೆಯೊಂದರಲ್ಲಿ ಯುವಕ ಮಾವೊ ಸೇರಿದಂತೆ ಹದಿಮೂರು ಪ್ರತಿನಿಧಿಗಳು ಸಭೆ ಸೇರಿದರು. ಪೊಲೀಸರ ಸುಳಿವು ಸಿಕ್ಕಿ, ಪಕ್ಕದ ಜಿಯಾಶಿಂಗ್ ಊರಿನ ಕೆರೆಯಲ್ಲಿ ದೋಣಿಯೊಂದನ್ನು ಬಾಡಿಗೆಗೆ ಹಿಡಿದು ಸಭೆ ಮುಗಿಸಿದರು. ಆ ಮನೆ ಈಗ ಸ್ಮಾರಕ. ಅದರ ಸುತ್ತಲ ಓಣಿಗಳೇ 2001ರಲ್ಲಿ ‘ಶಿನ್‌ತಿಯಾಂದಿ’ ಎಂಬ ದುಬಾರಿ ಹೋಟೆಲು, ಕಾಫಿ ಅಂಗಡಿಗಳ ತಾಣವಾದವು. ಹೊರಗೋಡೆ ಹಳತು, ಒಳಗೆ ಎಲ್ಲ ಹೊಸತು. ಅಲ್ಲಿದ್ದ ಕುಟುಂಬಗಳನ್ನು ದೂರದ ಬಡಾವಣೆಗಳಿಗೆ ಸಾಗಿಸಲಾಯಿತು. ಪಕ್ಷದ ಜನ್ಮಸ್ಥಳದ ಎದುರಲ್ಲೇ ಬಂಡವಾಳದ ಈ ಮೆರೆದಾಟ ನೋಡಿ ನಗಬೇಕೋ ಅಳಬೇಕೋ ತಿಳಿಯದು. ತೈಕಾಂಗ್ ರಸ್ತೆಯ ತಿಯಾನ್‌ಜಿಫಾಂಗ್‌ನಲ್ಲಿ ಮಾತ್ರ ನಿವಾಸಿಗಳೇ ಕೆಳಗಿನ ಕೋಣೆಗಳನ್ನು ಕಲಾವಿದರಿಗೆ, ಅಂಗಡಿಗಳಿಗೆ ಬಾಡಿಗೆ ಕೊಟ್ಟು ಓಣಿಯನ್ನು ಉಳಿಸಿಕೊಂಡರು. ಈಗ ಅಲ್ಲೂ ಪ್ರವಾಸಿಗರ ನೂಕುನುಗ್ಗಲು.

ಹೋದವರೆಲ್ಲ ದುಃಖದಿಂದ ಹೋದರೆಂದು ಹೇಳುವಂತಿಲ್ಲ. ಸ್ವಂತ ಪಾಯಿಖಾನೆ, ಸ್ವಂತ ಅಡುಗೆಮನೆ ಸಿಗುತ್ತದೆಂದರೆ ಯಾರಿಗೆ ಬೇಡ? ವರ್ಲಿ ಬಿಡಿಡಿ ಚಾಳಿನ 160 ಚದರಡಿಯಲ್ಲಿ ಮೂರು ತಲೆಮಾರು ಕಳೆದವರು 2025ರ ಆಗಸ್ಟ್‌ನಲ್ಲಿ 500 ಚದರಡಿಯ ಮನೆಯ ಕೀಲಿಕೈ ಹಿಡಿದಾಗ ಸಂತೋಷಪಟ್ಟದ್ದನ್ನು ಮುಂಬಯಿ ಕಂಡಿದೆ. ಆದರೆ ವರ್ಲಿಯವರಿಗೆ ವರ್ಲಿಯಲ್ಲೇ ಮನೆ ಸಿಕ್ಕಿತು. ಶಾಂಘೈಯ ಓಣಿಗಳ ಹೆಚ್ಚಿನವರಿಗೆ ಸಿಕ್ಕಿದ್ದು ಊರ ಹೊರಗೆ. ನೆರೆಹೊರೆ ಹರಿದುಹೋಯಿತು. 2022ರ ವಸಂತದಲ್ಲಿ ಕೊರೋನಾಕ್ಕೆಂದು ಸುಮಾರು ಎರಡು ತಿಂಗಳು ಇಡೀ ನಗರಕ್ಕೆ ಬೀಗ ಹಾಕಿದಾಗ ಬಹುಮಹಡಿ ಕಟ್ಟಡಗಳಲ್ಲಿ ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲದವರು ಮೊಬೈಲಿನಲ್ಲಿ ಗುಂಪು ಕಟ್ಟಿ ತರಕಾರಿ, ಮೊಟ್ಟೆ ಒಟ್ಟಾಗಿ ತರಿಸಿಕೊಂಡರು, ಉಪ್ಪು-ಎಣ್ಣೆ ವಿನಿಮಯ ಮಾಡಿಕೊಂಡರು. ಚಾಳಿನಲ್ಲಿ ಬೆಳೆದವರಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಓಣಿಗಳ ಜತೆ ಹೋದ ಇನ್ನೊಂದು ವಸ್ತು ಭಾಷೆ. ಶಾಂಘೈಗೆ ತನ್ನದೇ ಮಾತು ಇದೆ. ಬೀಜಿಂಗ್‌ನವನಿಗೆ ಅದು ಅರ್ಥವಾಗುವುದಿಲ್ಲ. ಅವನು ‘ನಿ ಹಾವ್’ ಎಂದರೆ ಶಾಂಘೈಯವನು ‘ನೊಂಗ್ ಹೋ’ ಎನ್ನುತ್ತಾನೆ. ಶಾಲೆಯಲ್ಲಿ ರಾಷ್ಟ್ರಭಾಷೆ ಕಡ್ಡಾಯವಾಗಿ, ಓಣಿಯ ಆಟ ನಿಂತು, ಮಕ್ಕಳು ಅಜ್ಜಿಯ ಮಾತು ಅರ್ಥಮಾಡಿಕೊಂಡರೂ ಉತ್ತರವನ್ನು ರಾಷ್ಟ್ರಭಾಷೆಯಲ್ಲೇ ಕೊಡುತ್ತಾರೆ. ಇದು ಡೊಂಬಿವಲಿ, ಮೀರಾ ರೋಡ್, ನಾಲಾಸೋಪಾರದ ಕನ್ನಡ-ತುಳು ಮನೆಗಳಲ್ಲಿ ದಿನಾ ಕಾಣುವ ದೃಶ್ಯ. ವ್ಯತ್ಯಾಸ ಒಂದೇ. ಮುಂಬಯಿಯಲ್ಲಿ ಕನ್ನಡಕ್ಕೆ ಬೆನ್ನಿಗೆ ಒಂದು ರಾಜ್ಯವಿದೆ. ಶಾಂಘೈ ಮಾತು ತನ್ನ ತವರಿನಲ್ಲೇ ಸೊರಗುತ್ತಿದೆ. ಬಸ್ಸುಗಳಲ್ಲಿ ಶಾಂಘೈ ಮಾತಿನ ಘೋಷಣೆ ಸೇರಿಸಿದ್ದಾರೆ. 2023ರ ಡಿಸೆಂಬರ್‌ನಲ್ಲಿ ನಿರ್ದೇಶಕ ವಾಂಗ್ ಕರ್-ವೈ ಅವರ ‘ಬ್ಲಾಸಮ್ಸ್ ಶಾಂಘೈ’ ಧಾರಾವಾಹಿ ಶಾಂಘೈ ಮಾತಿನಲ್ಲೂ ಪ್ರಸಾರವಾದಾಗ ಯುವಕರಿಗೆ ಏಕಾಏಕಿ ಅಭಿಮಾನ ಉಕ್ಕಿತು. ಅದು ಮನೆಯೊಳಗೆ ಎಷ್ಟು ದಿನ ಉಳಿದೀತು ಎನ್ನುವುದನ್ನು ಕಾದು ನೋಡಬೇಕು.

ಆಚೆ ದಡ

‘ಪುಡೊಂಗ್‌ನಲ್ಲಿ ಮನೆ ಸಿಗುವುದಕ್ಕಿಂತ ಪುಷಿಯಲ್ಲಿ ಹಾಸಿಗೆ ಸಿಕ್ಕರೆ ಮೇಲು’ ಎಂಬ ಮಾತು ಹಿಂದೆ ಶಾಂಘೈಯಲ್ಲಿತ್ತು. ಪುಷಿ ಎಂದರೆ ಬಂಡ್ ಇರುವ ಪಶ್ಚಿಮ ದಡ, ಪುಡೊಂಗ್ ಎಂದರೆ ಗದ್ದೆ, ಗೋದಾಮುಗಳ ಪೂರ್ವ ದಡ. 1990ರಲ್ಲಿ ಸರಕಾರ ಪುಡೊಂಗ್ ಅಭಿವೃದ್ಧಿ ಘೋಷಿಸಿತು. 468 ಮೀಟರಿನ ಓರಿಯೆಂಟಲ್ ಪರ್ಲ್ ಗೋಪುರ 1994ರಲ್ಲಿ, ಜಿನ್ ಮಾವ್ 1999ರಲ್ಲಿ, 492 ಮೀಟರಿನ ವರ್ಲ್ಡ್ ಫೈನಾನ್ಷಿಯಲ್ ಸೆಂಟರ್ 2008ರಲ್ಲಿ, ಎಲ್ಲವನ್ನೂ ಮೀರಿಸಿ 632 ಮೀಟರಿನ ಶಾಂಘೈ ಟವರ್ 2015ರಲ್ಲಿ ಎದ್ದವು. ಮೆಟ್ರೋ 1993ರಲ್ಲಿ ಶುರುವಾಗಿ ಈಗ 800 ಕಿ.ಮೀ. ದಾಟಿದೆ, ಮುಂಬಯಿಯ ಮೊದಲ ಮೆಟ್ರೋ ಓಡಿದ್ದು 2014ರಲ್ಲಿ. ವಿಮಾನ ನಿಲ್ದಾಣದಿಂದ 30 ಕಿ.ಮೀ. ಹಳಿ ಮುಟ್ಟದೆ ಓಡುವ ಮ್ಯಾಗ್ಲೆವ್ ರೈಲಿನ ಹಿಂದಿನ 430 ಕಿ.ಮೀ. ವೇಗವನ್ನು ಈಚಿನ ವರ್ಷಗಳಲ್ಲಿ 300ಕ್ಕೆ ಇಳಿಸಿದ್ದಾರೆ. ಅದರ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ, ಕೂತು ಏಳುವಷ್ಟರಲ್ಲಿ ಪ್ರಯಾಣ ಮುಗಿಯುತ್ತದೆ. ಇನ್ಫೋಸಿಸ್ 2003ರಲ್ಲಿ ಇಲ್ಲಿ ತನ್ನ ಅಂಗಸಂಸ್ಥೆ ಆರಂಭಿಸಿದ ಮೇಲೆ ಬೆಂಗಳೂರಿನ ತರುಣ ತರುಣಿಯರಿಗೂ ಶಾಂಘೈ ನೌಕರಿಯ ಊರಾಯಿತು.

ಹೋಗಬಯಸುವವರಿಗೆ ನಾಲ್ಕು ಮಾತು. ರೊಕ್ಕ ಅಲ್ಲಿ ಮೊಬೈಲಿನಲ್ಲೇ ನಡೆಯುತ್ತದೆ. ಅಲಿಪೇ ಅಥವಾ ವಿಚ್ಯಾಟ್‌ಗೆ ಅಂತಾರಾಷ್ಟ್ರೀಯ ಕಾರ್ಡನ್ನು ಇಲ್ಲಿಂದಲೇ ಜೋಡಿಸಿಕೊಂಡು ಹೋದರೆ ಪರದಾಟ ತಪ್ಪುತ್ತದೆ. ಗೂಗಲ್, ವಾಟ್ಸಾಪ್ ಅಲ್ಲಿನ ವೈಫೈಯಲ್ಲಿ ನಡೆಯುವುದಿಲ್ಲ ಎಂದು ಮನೆಯವರಿಗೆ ಮೊದಲೇ ಹೇಳಿಡುವುದು ಒಳಿತು. ಸಸ್ಯಾಹಾರಿಗಳು ‘ವೊ ಚಿ ಸು’ ಎಂಬ ಮೂರು ಅಕ್ಷರ ಕಲಿತಿರಬೇಕು; ಆದರೂ ಸೊಪ್ಪಿನ ಪಲ್ಯಕ್ಕೆ ಹಂದಿ ಕೊಬ್ಬಿನ ಒಗ್ಗರಣೆ ಬೀಳುವುದುಂಟು. ನೆಮ್ಮದಿಯ ಊಟಕ್ಕೆ 1922ರಿಂದ ಇರುವ ಗೊಂಗ್‌ದೆಲಿನ್ ಎಂಬ ಬೌದ್ಧ ಸಸ್ಯಾಹಾರಿ ಹೋಟೆಲ್ ಇದೆ. ಬರ್ಮಾದಿಂದ ತಂದ ಬುದ್ಧನ ವಿಗ್ರಹಗಳಿರುವ ಜೇಡ್ ಬುದ್ಧ ದೇವಸ್ಥಾನ, 16ನೇ ಶತಮಾನದ ಯುಯುವಾನ್ ತೋಟ ಎಲ್ಲ ಪ್ರವಾಸಿ ಪಟ್ಟಿಯಲ್ಲೂ ಇರುವುದರಿಂದ ಇಲ್ಲಿ ವಿವರ ಬೇಡ. ಅಕ್ಟೋಬರ್ ಮೊದಲ ವಾರ ಮಾತ್ರ ಹೋಗಬಾರದು, ಇಡೀ ಚೀನಾಕ್ಕೆ ರಜೆ. ಬಂಡ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಬೆಳಕಿನ ಅಲಂಕಾರದ ವಿಹಾರ ನೌಕೆಗೆ ದುಬಾರಿ ಟಿಕೇಟು ಕೊಳ್ಳುವ ಬದಲು ಜನ ದಿನನಿತ್ಯ ಓಡಾಡುವ ಸರಕಾರಿ ದೋಣಿ ಹತ್ತಬಹುದು. ಟಿಕೇಟು 2 ಯುವಾನ್. ವರ್ಸೋವಾ-ಮಡ್ ಫೆರ್ರಿಯಂತೆಯೇ ಸ್ಕೂಟರು, ಸೈಕಲ್ಲು, ಚೀಲಗಳ ಜತೆ ಕೆಲಸ ಮುಗಿಸಿ ಮನೆಗೆ ಹೋಗುವವರು. ಒಂದು ಬದಿಗೆ ಸಸೂನರ ಹಸಿರು ಗೋಪುರ, ಇನ್ನೊಂದು ಬದಿಗೆ ಮೋಡ ಮುಟ್ಟುವ ಶಾಂಘೈ ಟವರ್. ಎರಡನ್ನೂ ತಲೆಯೆತ್ತಿ ನೋಡುವವರು ಪ್ರವಾಸಿಗರು ಮಾತ್ರ. ಉಳಿದವರು ಮೊಬೈಲ್ ನೋಡುತ್ತಾ ನಿಂತಿರುತ್ತಾರೆ, ದಡ ಬಂದ ಕೂಡಲೇ ಚರ್ಚ್‌ಗೇಟಿನಲ್ಲಿ ಇಳಿಯುವವರಂತೆ ಓಡುತ್ತಾರೆ.